ಕಾರಣ ಕೇಳಿದರೆ ‘ನಾನು ಹೇಳಿದೆನಲ್ಲ, ಅದಕ್ಕೇ’ ಎಂದ ನ್ಯಾಯಾಧೀಶ: ಮ್ಯಾನುಯೆಲ್ ರಿಯಾಲ್ ಅವರ 52 ವರ್ಷ

ಕಡತಗಾರ

ಹದಿನೈದು ದಿನದಿಂದ ಒಬ್ಬ ಅಮೆರಿಕನ್ ನ್ಯಾಯಾಧೀಶರ ವಿಚಾರ ತಲೆಯಿಂದ ಇಳಿಯುತ್ತಿಲ್ಲ. ಹೆಸರು ಮ್ಯಾನುಯೆಲ್ ರಿಯಾಲ್. ಸುಪ್ರೀಂ ಕೋರ್ಟಿನವರಲ್ಲ, ಮೇಲ್ಮನವಿ ಕೋರ್ಟಿನವರೂ ಅಲ್ಲ. ಸಾಕ್ಷಿಗಳನ್ನು ಎದುರಿಗೆ ಕೂರಿಸಿಕೊಂಡು ವಿಚಾರಣೆ ನಡೆಸುವ ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಜಿಲ್ಲಾ ನ್ಯಾಯಾಧೀಶ. 1966ರ ನವೆಂಬರಿನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಪೀಠ ಹತ್ತಿದವರು 2019ರ ಜೂನ್‌ನಲ್ಲಿ 95ನೆಯ ವಯಸ್ಸಿನಲ್ಲಿ ತೀರಿಕೊಂಡಾಗಲೂ ನ್ಯಾಯಾಧೀಶರೇ.

ಹುಟ್ಟಿದ್ದು 1924ರಲ್ಲಿ, ಬಂದರು ಊರಾದ ಸ್ಯಾನ್ ಪೆಡ್ರೋದಲ್ಲಿ. ಅಪ್ಪ ಅಮ್ಮ ಸ್ಪೇನಿನಿಂದ ವಲಸೆ ಬಂದವರು. ನೌಕಾಪಡೆಯ ಮೀಸಲು ದಳದಲ್ಲಿದ್ದರು, ಲೊಯೋಲಾದಲ್ಲಿ ಕಾನೂನು ಓದಿದರು, ಸ್ವಂತ ಊರಿನಲ್ಲೇ ವಕೀಲಿ ಮಾಡಿದರು, 1964ರಿಂದ ಎರಡು ವರ್ಷ ಆ ಭಾಗಕ್ಕೆ ಸರ್ಕಾರದ ಮುಖ್ಯ ಫೆಡರಲ್ ವಕೀಲರಾಗಿದ್ದರು. ಅಲ್ಲಿಂದ ಅವರನ್ನು ಪೀಠಕ್ಕೆ ತಂದವರು ಅಧ್ಯಕ್ಷ ಲಿಂಡನ್ ಜಾನ್ಸನ್.

ನನ್ನನ್ನು ಕಾಡುತ್ತಿರುವುದು 2000ನೇ ಇಸವಿಯ ಒಂದು ಮನೆಯ ಜಗಳ. ವಂಚನೆ ಪ್ರಕರಣವೊಂದರಲ್ಲಿ ಶಿಕ್ಷೆಯಾಗಿ ಪ್ರೊಬೇಷನ್ ಮೇಲೆ, ಅಂದರೆ ಜೈಲಿನ ಹೊರಗೆ ಕೋರ್ಟಿನ ನಿಗಾದಲ್ಲಿ, ಇದ್ದ ಒಬ್ಬ ಮಹಿಳೆ. ಅವರ ಮೇಲ್ವಿಚಾರಣೆ ರಿಯಾಲ್ ಅವರದೇ. ಆಕೆ ಇದ್ದ ಮನೆ ಗಂಡನ ಕಡೆಯವರ ಟ್ರಸ್ಟ್‌ಗೆ ಸೇರಿದ್ದು. ಸಂಸಾರ ಮುರಿದಿತ್ತು, ಮನೆ ಖಾಲಿ ಮಾಡಿಸಲು ಟ್ರಸ್ಟ್ ರಾಜ್ಯದ ಕೋರ್ಟಿಗೆ ಹೋಗಿತ್ತು. ಆಕೆ ದಿವಾಳಿ ಅರ್ಜಿ ಹಾಕಿದರು. ದಿವಾಳಿ ಕೋರ್ಟು ಟ್ರಸ್ಟ್ ಮುಂದುವರಿಯಬಹುದು ಎಂದಿತು. ಅಷ್ಟರಲ್ಲಿ ರಿಯಾಲ್, ಯಾರೂ ಅರ್ಜಿ ಹಾಕದಿದ್ದರೂ, ಆ ದಿವಾಳಿ ಪ್ರಕರಣವನ್ನು ತಮ್ಮ ಬಳಿಗೇ ತರಿಸಿಕೊಂಡರು. ಮನೆ ಖಾಲಿ ಮಾಡಿಸುವ ಆದೇಶಕ್ಕೆ ತಡೆ ಕೊಟ್ಟರು. ಟ್ರಸ್ಟಿನ ವಕೀಲರು ತಡೆ ತೆರವು ಮಾಡಿ ಎಂದು ಕೇಳಿದಾಗ ನಿರಾಕರಿಸಿದರು. ಯಾಕೆ ಎಂದು ಕೇಳಿದ್ದಕ್ಕೆ ದಾಖಲೆಯಲ್ಲಿ ಇರುವ ಉತ್ತರ ಇಷ್ಟೇ: ನಾನು ಹೇಳಿದೆನಲ್ಲ, ಅದಕ್ಕೇ.

2002ರಲ್ಲಿ ಪಶ್ಚಿಮದ ರಾಜ್ಯಗಳ ಮೇಲ್ಮನವಿ ಕೇಳುವ ಫೆಡರಲ್ ಕೋರ್ಟು, ಒಂಬತ್ತನೇ ಸರ್ಕ್ಯೂಟ್, ಅದನ್ನು ರದ್ದು ಮಾಡಿತು. ಅಲ್ಲಿಯವರೆಗೆ, ಎರಡು ವರ್ಷಕ್ಕೂ ಮಿಕ್ಕಿ, ಮಾಲೀಕರಿಗೆ ತಮ್ಮ ಮನೆ ಸಿಗಲಿಲ್ಲ.

ರಿಯಾಲ್ ಲಂಚ ತಿಂದರು ಎಂದು ಯಾರೂ ಸಾಬೀತು ಮಾಡಿಲ್ಲ. ನನ್ನ ಆಕ್ಷೇಪ ಬೇರೆ. ನ್ಯಾಯಾಧೀಶರಿಗೆ ಖಡ್ಗವಿಲ್ಲ, ಖಜಾನೆಯಿಲ್ಲ. ಇರುವ ಒಂದೇ ಬಂಡವಾಳ, ‘ಯಾಕೆಂದರೆ’ ಎಂಬ ಪದದ ಮುಂದೆ ಬರೆಯುವ ನಾಲ್ಕು ಸಾಲು. ಅದನ್ನೂ ಕೊಡುವುದಿಲ್ಲ ಎಂದರೆ ಆ ಕುರ್ಚಿಯಲ್ಲಿ ಕೂತು ಮಾಡುತ್ತಿರುವುದು ನ್ಯಾಯದಾನವಲ್ಲ, ದರ್ಬಾರು.

ಧಾರವಾಡದ ವಕೀಲ

ಕಡತಗಾರರೇ, ನಮ್ಮಲ್ಲಿ ಇದಕ್ಕ ಒಂದು ಮಾತು ಐತಿ. ‘ಸ್ಪೀಕಿಂಗ್ ಆರ್ಡರ್’ ಅಂತೀವಿ. ಮಾತಾಡೋ ಆದೇಶ. ಆದೇಶ ತನ್ನ ಕಾರಣಾ ತಾನ ಹೇಳಬೇಕು. ಹೇಳಲಿಲ್ಲಂದ್ರ ಹೈಕೋರ್ಟಿಗೆ ಹೋದಾಗ ಬ್ಯಾರೆ ಏನೂ ವಾದಾ ಮಾಡೋದು ಬೇಕಾಗಂಗಿಲ್ಲ, ಆ ಒಂದು ಕಾರಣಕ್ಕನ ಕಡತ ವಾಪಸ್ ಕಳಸ್ತಾರ. ಇಪ್ಪತ್ತಾರು ವರ್ಷ ಆತು ನಾ ಕರಿಕೋಟು ಹಾಕ್ಕೊಂಡು. ಸೋತ ಕಕ್ಷಿದಾರ ಕೋರ್ಟ್ ಹಾಲಿಂದ ಹೊರಗ ಬಂದು ಕೇಳೋ ಮೊದಲ ಪ್ರಶ್ನಿ ‘ಎಷ್ಟು ಖರ್ಚಾತು’ ಅಂತ ಅಲ್ಲ, ‘ಸಾಹೇಬ್ರು ಯಾಕ್ ಹಂಗ ಅಂದ್ರು’ ಅಂತ. ಅದಕ್ಕ ನನ್ನ ಹತ್ರ ಉತ್ತರ ಇರಬೇಕು. ಉತ್ತರ ಇದ್ರ ಆಂವ ಸೋಲನ್ನ ನುಂಗ್ತಾನ. ಇಲ್ಲಂದ್ರ ಆಂವಗ ಜಡ್ಜ್ ಮ್ಯಾಲಷ್ಟ ಅಲ್ಲ, ನನ್ನ ಮ್ಯಾಲೂ ಸಂಶಯ.

ಇನ್ನೊಂದು ಹೇಳ್ತೀನಿ. ‘ಮ್ಯಾಲಿನ ಕೋರ್ಟು ಸರಿ ಮಾಡೇತಲ್ಲ’ ಅಂತ ಭಾಳ ಮಂದಿ ಸಮಾಧಾನಾ ಮಾಡ್ಕೋತಾರ. ಅಪೀಲಿಗೆ ಹೋಗಾಕ ರೊಕ್ಕಾ ಬೇಕು, ವರ್ಷಾ ಬೇಕು. ಟ್ರಸ್ಟಿಗೆ ಎರಡೂ ಇತ್ತು, ಹೋದ್ರು. ಐವತ್ತೆರಡು ವರ್ಷದಾಗ ಅಪೀಲಿಗೆ ಹೋಗಲಾರದೇ ಮನಿಗೆ ಹೋದವರು ಎಷ್ಟು ಮಂದಿ ಅಂತ ಯಾವ ದಾಖಲಿ ಹೇಳಂಗಿಲ್ಲ.

ಮಂಡ್ಯದ ಮೇಷ್ಟ್ರು

ನನ್ನದೊಂದು ಮೂಲಭೂತ ಪ್ರಶ್ನೆ. 95 ವರ್ಷದವರೆಗೆ ಹೇಗೆ ಸಾಧ್ಯ? ನಮ್ಮಲ್ಲಿ ಜಿಲ್ಲಾ ನ್ಯಾಯಾಧೀಶರು 60ಕ್ಕೆ ನಿವೃತ್ತರು, ಹೈಕೋರ್ಟಿನವರು 62ಕ್ಕೆ, ಸುಪ್ರೀಂ ಕೋರ್ಟಿನವರು 65ಕ್ಕೆ. ಅಲ್ಲಿ ಜಿಲ್ಲಾ ನ್ಯಾಯಾಧೀಶರಿಗೂ ವಯಸ್ಸಿನ ಮಿತಿ ಇಲ್ಲವೇ?

ಸಾನ್ ಹೋಸೆ ಸಂಪಿಗೆ

ಇಲ್ಲ ಮೇಷ್ಟ್ರೇ. ಅಮೆರಿಕದ ಸಂವಿಧಾನದ ಮೂರನೇ ವಿಧಿ ಹೇಳುವುದು, ಫೆಡರಲ್ ನ್ಯಾಯಾಧೀಶರು ‘ಸನ್ನಡತೆ’ ಇರುವವರೆಗೆ ಹುದ್ದೆಯಲ್ಲಿರುತ್ತಾರೆ ಎಂದು. ಸಂಬಳ ಕಡಿತ ಮಾಡುವಂತಿಲ್ಲ. ತೆಗೆಯಬೇಕಾದರೆ ಸಂಸತ್ತಿನ ಕೆಳಮನೆ ವಾಗ್ದಂಡನೆ ಹೊರಿಸಿ, ಮೇಲ್ಮನೆಯಾದ ಸೆನೆಟ್ ತೀರ್ಪು ಕೊಡಬೇಕು. ಇಡೀ ಇತಿಹಾಸದಲ್ಲಿ ವಾಗ್ದಂಡನೆಗೆ ಒಳಗಾದ ಫೆಡರಲ್ ನ್ಯಾಯಾಧೀಶರು 15 ಜನ, ಸೆನೆಟ್ ತೆಗೆದುಹಾಕಿದ್ದು 8 ಜನರನ್ನು ಮಾತ್ರ. ಕ್ಯಾನ್ಸಸ್‌ನಲ್ಲಿ ವೆಸ್ಲಿ ಬ್ರೌನ್ ಎಂಬ ಜಿಲ್ಲಾ ನ್ಯಾಯಾಧೀಶರು 2012ರಲ್ಲಿ 104ನೆಯ ವಯಸ್ಸಿನಲ್ಲಿ ತೀರಿಕೊಂಡಾಗಲೂ ಹುದ್ದೆಯಲ್ಲಿದ್ದರು.

65 ದಾಟಿ ಸೇವೆ ಸಾಕಷ್ಟಾದ ಮೇಲೆ ‘ಹಿರಿಯ’ ಸ್ಥಾನಕ್ಕೆ ಸರಿಯಬಹುದು. ಕೆಲಸ ಕಡಿಮೆ ಮಾಡಿಕೊಳ್ಳಬಹುದು, ಖಾಲಿಯಾದ ಜಾಗಕ್ಕೆ ಹೊಸಬರು ಬರುತ್ತಾರೆ. ಬಹಳ ಜನ ಹಾಗೆ ಮಾಡುತ್ತಾರೆ. ರಿಯಾಲ್ ಅದನ್ನೂ 2018ರ ನವೆಂಬರ್ ತನಕ ಒಪ್ಪಲಿಲ್ಲ. ಆಗ ಅವರಿಗೆ 94.

ನಾನು ಇಲ್ಲಿ ಪೌರತ್ವ ಪಡೆದ ಮೇಲೆ ಒಮ್ಮೆ ಜ್ಯೂರಿಯಲ್ಲಿ, ಅಂದರೆ ತೀರ್ಮಾನ ಹೇಳುವ ಸಾಮಾನ್ಯ ನಾಗರಿಕರ ತಂಡದಲ್ಲಿ, ಕೂತಿದ್ದೆ, ಬೇರೆ ಕೋರ್ಟಿನಲ್ಲಿ. ಎಂಟು ದಿನ. ಆ ಎಂಟು ದಿನ ನನ್ನ ಮಟ್ಟಿಗೆ ಅಮೆರಿಕ ಎಂದರೆ ಆ ಒಬ್ಬ ನ್ಯಾಯಾಧೀಶರೇ. ಯಾವ ಪ್ರಶ್ನೆ ಕೇಳಬಹುದು, ಯಾವುದನ್ನು ನಾವು ಮರೆಯಬೇಕು, ಯಾವಾಗ ಊಟಕ್ಕೆ ಹೋಗಬೇಕು, ಎಲ್ಲ ಅವರ ಬಾಯಲ್ಲಿ. ಪ್ರತಿ ಸಲ ಆಕ್ಷೇಪ ತಳ್ಳಿಹಾಕಿದಾಗಲೂ ಒಂದು ವಾಕ್ಯದ ಕಾರಣ ಕೊಡುತ್ತಿದ್ದರು. ಆ ಒಂದು ವಾಕ್ಯದ ಬೆಲೆ ಆಗ ನನಗೆ ತಿಳಿದಿರಲಿಲ್ಲ.

ಧಾರವಾಡದ ವಕೀಲ

ಮೇಷ್ಟ್ರೇ, ಸಂಪಿಗೆ ಅಕ್ಕಾರು ಹೇಳಿದ್ದಕ್ಕ ಒಂದು ಸೇರಿಸ್ತೀನಿ. ನಮ್ಮ ಜಿಲ್ಲಾ ನ್ಯಾಯಾಧೀಶರ ಮ್ಯಾಲೆ ಸಂವಿಧಾನದ 235ನೇ ವಿಧಿ ಪ್ರಕಾರ ಹೈಕೋರ್ಟಿನ ಹಿಡಿತ ಐತಿ. ವರ್ಗಾವಣಿ, ಬಡ್ತಿ, ಇಲಾಖಾ ವಿಚಾರಣಿ ಎಲ್ಲಾ. ಅಲ್ಲಿ ಜಿಲ್ಲಾ ಜಡ್ಜೂ ನಮ್ಮ ಹೈಕೋರ್ಟ್ ಜಡ್ಜ್‌ಗಿಂತ ಗಟ್ಟಿ ಕುಂತಿರ್ತಾರ. ಹೈಕೋರ್ಟಿನವರ ವಾಗ್ದಂಡನೆ ನಮ್ಮಲ್ಲೂ ಸಲೀಸಲ್ಲ. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಆಗಿದ್ದ ಪಿ.ಡಿ. ದಿನಕರನ್ ಅವರ ಮ್ಯಾಲೆ 2009ರಾಗ ರಾಜ್ಯಸಭೆಯೊಳಗ ಪ್ರಕ್ರಿಯೆ ಸುರು ಆತು, ಅವರನ್ನ ಸಿಕ್ಕಿಂಗೆ ಕಳಿಸಿದ್ರು, 2011ರಾಗ ಅವರ ರಾಜೀನಾಮಾ ಕೊಟ್ರು, ಅಲ್ಲಿಗೆ ಮುಗೀತು.

ಮೂಡುಬಿದಿರೆ ಮಳೆ

ಎಲ್ಲರೂ ಒಂದೇ ದಿಕ್ಕಿಗೆ ಹೊರಟಿದ್ದೀರಿ, ನಾನು ತಡೆಯಲೇಬೇಕು. ರಿಯಾಲ್ ಅವರ ಹೆಸರು ಹೇಳಿ ಮಾರ್ಕೋಸ್ ಪ್ರಕರಣ ಹೇಳದಿದ್ದರೆ ಅದು ಅನ್ಯಾಯ.

ಫಿಲಿಪ್ಪೀನ್ಸ್‌ನ ಸರ್ವಾಧಿಕಾರಿ ಫರ್ಡಿನಾಂಡ್ ಮಾರ್ಕೋಸ್ 1972ರಲ್ಲಿ ಸೇನಾ ಆಡಳಿತ ಹೇರಿದರು. ಸಾವಿರಾರು ಜನರನ್ನು ಹಿಡಿದು ಚಿತ್ರಹಿಂಸೆ ಕೊಟ್ಟರು, ಕೊಂದರು, ಇನ್ನೆಷ್ಟೋ ಜನ ಮನೆಯಿಂದ ಹೋದವರು ಮರಳಲೇ ಇಲ್ಲ. 1986ರ ಫೆಬ್ರವರಿಯಲ್ಲಿ ಜನ ಬೀದಿಗಿಳಿದಾಗ ಮಾರ್ಕೋಸ್ ಅಮೆರಿಕದ ಹವಾಯಿಗೆ ಓಡಿಬಂದರು. ಬಲಿಪಶುಗಳು ಅಲ್ಲಿಯೇ ಮೊಕದ್ದಮೆ ಹೂಡಿದರು. ಪರದೇಶದವರು ಅಂತರರಾಷ್ಟ್ರೀಯ ಕಾನೂನಿನ ಉಲ್ಲಂಘನೆಗೆ ಅಮೆರಿಕದ ಕೋರ್ಟಿನಲ್ಲಿ ದಾವೆ ಹೂಡಬಹುದು ಎನ್ನುವ 1789ರ ಹಳೆಯ ಕಾನೂನೊಂದಿದೆ, ಅದರ ಅಡಿಯಲ್ಲಿ. ಮೊದಲು ಕೋರ್ಟು ಇದು ಬೇರೊಂದು ಸರ್ಕಾರದ ನಡೆ, ನಾವು ಕೈಹಾಕುವುದಿಲ್ಲ ಎಂದು ಹೊರಗಟ್ಟಿತ್ತು. ಮೇಲ್ಮನವಿಯಲ್ಲಿ ಮರಳಿ ಬಂತು. ಎಲ್ಲ ದಾವೆಗಳನ್ನೂ ಒಟ್ಟು ಮಾಡಿ ರಿಯಾಲ್ ಅವರಿಗೆ ಒಪ್ಪಿಸಿದರು. ಅವರು ಹವಾಯಿಯ ಹೊನೊಲುಲುವಿಗೆ ಹೋಗಿ ಕೂತರು.

1989ರಲ್ಲಿ ಮಾರ್ಕೋಸ್ ಸತ್ತಿದ್ದರು, ದಾವೆಯಲ್ಲಿ ಎದುರಾಳಿ ಅವರು ಬಿಟ್ಟುಹೋದ ಆಸ್ತಿ. 1992ರ ಸೆಪ್ಟೆಂಬರಿನಲ್ಲಿ ಜ್ಯೂರಿ ಹೊಣೆ ನಿಗದಿ ಮಾಡಿತು. 1994ರಲ್ಲಿ 120 ಕೋಟಿ ಡಾಲರ್ ದಂಡರೂಪದ ಪರಿಹಾರ. 1995ರಲ್ಲಿ ನಷ್ಟಪರಿಹಾರವಾಗಿ ಇನ್ನೂ ಸುಮಾರು 76 ಕೋಟಿ ಡಾಲರ್. ಒಬ್ಬ ಸರ್ವಾಧಿಕಾರಿಯ ಆಸ್ತಿಯ ಮೇಲೆ, ಅವನ ಪ್ರಜೆಗಳ ಹೆಸರಿನಲ್ಲಿ, ಸುಮಾರು 200 ಕೋಟಿ ಡಾಲರ್. ಹೆದರುವ, ಅಳೆದು ತೂಗುವ, ಮೇಲಿನವರು ಏನನ್ನುತ್ತಾರೋ ಎಂದು ನೋಡುವ ನ್ಯಾಯಾಧೀಶರಿದ್ದರೆ ಇದು ದಡ ಮುಟ್ಟುತ್ತಿತ್ತೇ? ನೀವು ದರ್ಬಾರು ಎನ್ನುವ ಆ ಹಟವೇ ಅಲ್ಲಿ ಆ ಜನರಿಗೆ ಆಸರೆಯಾಯಿತು.

ಅಂಕಿ ಅಂಶ ಅಕ್ಕ

ಮೂಡುಬಿದಿರೆಯವರು ಹೇಳಿದ ಪ್ರಕರಣವನ್ನು ನಾನು ಸಂಖ್ಯಾಶಾಸ್ತ್ರದ ತರಗತಿಯಲ್ಲಿ ಪಾಠ ಮಾಡುತ್ತೇನೆ. ಅರ್ಜಿಗಳು ಹತ್ತು ಸಾವಿರ ದಾಟಿದ್ದವು. ಮೇಲ್ನೋಟಕ್ಕೇ ನಿಲ್ಲದವನ್ನು ತೆಗೆದ ಮೇಲೆ ಉಳಿದದ್ದು 9,541. ಒಬ್ಬೊಬ್ಬರನ್ನೂ ವಿಚಾರಿಸುತ್ತ ಕೂತರೆ ಸಂತ್ರಸ್ತರೂ ಸಾಯುತ್ತಾರೆ, ನ್ಯಾಯಾಧೀಶರೂ ಸಾಯುತ್ತಾರೆ. ರಿಯಾಲ್ ಒಪ್ಪಿದ ದಾರಿ: ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದ ಹಾಗೆ, 137 ಅರ್ಜಿ ಆರಿಸುವುದು. ಅದರಲ್ಲಿ 67 ಚಿತ್ರಹಿಂಸೆಯವು, 52 ಹತ್ಯೆಯವು, 18 ಕಣ್ಮರೆಯವು. ಕೋರ್ಟು ನೇಮಿಸಿದ ವಿಶೇಷ ಅಧಿಕಾರಿ ಫಿಲಿಪ್ಪೀನ್ಸ್‌ನಲ್ಲಿ ಹೇಳಿಕೆಗಳ ಮೇಲ್ವಿಚಾರಣೆ ನಡೆಸಿದರು. 137ರಲ್ಲಿ 6 ನಿಲ್ಲುವುದಿಲ್ಲ ಎಂದು ವರದಿ ಕೊಟ್ಟರು. ಆ ಪ್ರಮಾಣದಲ್ಲೇ ಉಳಿದವಕ್ಕೂ ಕಡಿತ ಮಾಡಿ, ಬಗೆಬಗೆಯ ಸಂಕಟಕ್ಕೆ ಸರಾಸರಿ ಪರಿಹಾರ ಲೆಕ್ಕ ಹಾಕಿದರು. ಜ್ಯೂರಿ ಆ ವರದಿ ನೋಡಿ, ಕೆಲವೆಡೆ ತಿದ್ದಿ, ತನ್ನ ತೀರ್ಮಾನ ಹೇಳಿತು.

1996ರಲ್ಲಿ ಒಂಬತ್ತನೇ ಸರ್ಕ್ಯೂಟ್ 2–1ರಲ್ಲಿ ಎತ್ತಿಹಿಡಿಯಿತು. ಭಿನ್ನಮತ ಬರೆದ ನ್ಯಾಯಾಧೀಶೆ ಪಮೇಲಾ ರೈಮರ್ ಅವರಿಗೆ ಈ ವಿಧಾನವೇ ಒಪ್ಪಿಗೆಯಾಗಲಿಲ್ಲ. ನನ್ನ ವಿದ್ಯಾರ್ಥಿಗಳೂ ಪ್ರತಿ ವರ್ಷ ಎರಡು ಗುಂಪಾಗುತ್ತಾರೆ. ನಾನು ಬಹುಮತದ ಕಡೆ. ಮಾದರಿ ಆರಿಸುವುದೆಂದರೆ ಅಂದಾಜಿನ ಆಟ ಎಂದು ತಿಳಿದವರು ಬಹಳ. ಇಲ್ಲಿ ನಡೆದದ್ದು ಹಾಗಲ್ಲ. 137 ಮನೆಗಳ ಕಥೆ ಪ್ರಮಾಣ ಮಾಡಿ ಹೇಳಿದ್ದು, ಎದುರು ಪಕ್ಷಕ್ಕೆ ಅದನ್ನು ಪ್ರಶ್ನಿಸುವ ಅವಕಾಶವಿತ್ತು.

ಕಡತಗಾರ

ಅಕ್ಕ, ನಿಮ್ಮ ಮಾತಿನಲ್ಲೇ ನನ್ನ ವಾದವೂ ಇದೆ, ನೋಡಿ. ಹವಾಯಿಯ ಆದೇಶ ಏಕೆ ಉಳಿಯಿತು? ವಿಧಾನವನ್ನು ಬಿಡಿಸಿ ಬಿಡಿಸಿ ಬರೆದಿದ್ದರಿಂದ. ಒಪ್ಪದವರೂ ಯಾವ ಸಾಲನ್ನು ಒಪ್ಪುವುದಿಲ್ಲ ಎಂದು ಬೆರಳಿಟ್ಟು ತೋರಿಸಬಹುದಿತ್ತು. ಹತ್ತು ಸಾವಿರ ಜನರ ಪ್ರಕರಣಕ್ಕೆ ಕೊಟ್ಟ ಆ ಗೌರವವನ್ನು ಒಂದು ಮನೆಯ ಮಾಲೀಕರಿಗೆ ಕೊಡಲು ಏನು ಅಡ್ಡಿಯಿತ್ತು?

ಮೂಡುಬಿದಿರೆಯವರು ಹಟ ಎಂದಿರಿ, ಅದರ ಇನ್ನೊಂದು ಮುಖ ಲಾಸ್ ಏಂಜಲೀಸ್ ಪಕ್ಕದ ಊರಾದ ಪ್ಯಾಸಡೀನಾದಲ್ಲಿದೆ. 1970ರ ಜನವರಿಯಲ್ಲಿ ಅಲ್ಲಿನ ಶಾಲೆಗಳು ಬಣ್ಣದ ಆಧಾರದಲ್ಲಿ ಬೇರೆಬೇರೆಯಾಗಿವೆ, ಇದು ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪು ಕೊಟ್ಟರು. ಯಾವುದೇ ಶಾಲೆಯಲ್ಲಿ ಅಲ್ಪಸಂಖ್ಯಾತ ಸಮುದಾಯವೊಂದರ ಮಕ್ಕಳು ಬಹುಸಂಖ್ಯೆಯಲ್ಲಿ ಇರಬಾರದು ಎಂದು ಆದೇಶಿಸಿದರು. ಶಾಲಾ ಮಂಡಳಿ ಮೇಲ್ಮನವಿ ಹೋಗಲಿಲ್ಲ. ಆ ಸೆಪ್ಟೆಂಬರಿನಿಂದಲೇ ಮಕ್ಕಳನ್ನು ಬಸ್ಸಿನಲ್ಲಿ ಊರಿನ ಆ ತುದಿಯಿಂದ ಈ ತುದಿಗೆ ಕರೆದೊಯ್ಯುವುದು ಶುರುವಾಯಿತು. ಈ ತೀರ್ಪಿಗೆ ನಾನು ಎದ್ದು ನಿಂತು ಕೈಮುಗಿಯುತ್ತೇನೆ. ಜಾತಿಕೇರಿಯ ಶಾಲೆ ಎಂದರೇನು ಎಂದು ಬಲ್ಲ ನಮಗೆ ಅದನ್ನು ಯಾರೂ ವಿವರಿಸಿ ಹೇಳಬೇಕಿಲ್ಲ.

ಆದರೆ 1974ರಲ್ಲಿ ಮಂಡಳಿ ಮತ್ತೆ ಬಂತು. ಬಿಳಿಯ ಕುಟುಂಬಗಳು ಊರು ಬಿಡುತ್ತಿವೆ, ಜನ ತಮ್ಮಷ್ಟಕ್ಕೆ ಮನೆ ಬದಲಿಸಿದ್ದರಿಂದ 32ರಲ್ಲಿ ಐದು ಶಾಲೆಗಳ ಲೆಕ್ಕ ಏರುಪೇರಾಗಿದೆ, ಆದೇಶ ಸಡಿಲಿಸಿ ಎಂದು. ರಿಯಾಲ್ ಹೇಳಿದ್ದು ಸುಪ್ರೀಂ ಕೋರ್ಟಿನ ತೀರ್ಪಿನಲ್ಲೇ ದಾಖಲಾಗಿದೆ: ತಮ್ಮ ಆದೇಶದ ಅರ್ಥ, ಕನಿಷ್ಠ ತಾವು ಬದುಕಿರುವವರೆಗೆ ಪ್ಯಾಸಡೀನಾದ ಯಾವ ಶಾಲೆಯಲ್ಲೂ ಹಾಗಾಗಕೂಡದು ಎಂದು. 1976ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು 6–2ರಲ್ಲಿ ತಿದ್ದಿತು. ಮಂಡಳಿ ಮಾಡದ ತಪ್ಪಿಗೆ, ಜನರ ವಲಸೆಗೆ, ವರ್ಷವರ್ಷವೂ ಲೆಕ್ಕ ಸರಿ ಮಾಡು ಎನ್ನುವ ಅಧಿಕಾರ ಜಿಲ್ಲಾ ನ್ಯಾಯಾಧೀಶರಿಗಿಲ್ಲ ಎಂದಿತು. ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್ ಭಿನ್ನಮತ ಬರೆದರು, ಬ್ರೆನನ್ ಅದಕ್ಕೆ ದನಿಗೂಡಿಸಿದರು, ಮನಸ್ಸಿನಲ್ಲಿ ನಾನೂ ಅವರ ಜೊತೆಗೇ. ಆದರೂ ಆ ‘ನಾನು ಬದುಕಿರುವವರೆಗೆ’ ಎಂಬ ಮಾತು ನನಗೆ ಚುಚ್ಚುತ್ತದೆ. ಹಕ್ಕು ಮಕ್ಕಳದು. ಅದಕ್ಕೆ ನ್ಯಾಯಾಧೀಶರ ಆಯುಸ್ಸನ್ನು ಅಳತೆಗೋಲು ಮಾಡಿದ್ದು ಏಕೆ?

ಮೂಡುಬಿದಿರೆ ಮಳೆ

ಕೋರ್ಟಿನಲ್ಲಿ ಬಾಯಿಂದ ಬಂದ ಒಂದು ಮಾತನ್ನು ಹಿಡಿದು ಮನುಷ್ಯನನ್ನು ತೂಗಬಾರದು ಸರ್. ಮನೆಯ ಪ್ರಕರಣದಲ್ಲೂ, ತಮ್ಮ ಪ್ರೊಬೇಷನ್‌ನಲ್ಲಿದ್ದ ಹೆಣ್ಣುಮಗಳು ಬೀದಿಗೆ ಬಿದ್ದರೆ ಮತ್ತೆ ದಾರಿ ತಪ್ಪುತ್ತಾಳೆ ಎಂಬ ಕಾಳಜಿ ಇದ್ದಿರಲಾರದೇ?

ಧಾರವಾಡದ ವಕೀಲ

ಇದ್ದಿರಬಹುದು. ನಾನೂ ಇತ್ತಂತನ ತಿಳ್ಕೋತೀನಿ. ಹಂಗಿದ್ರ ಅದನ್ನ ಬರೀಬೇಕಿತ್ತು! ‘ಈ ಕಾರಣಕ್ಕ ಇಷ್ಟು ದಿನಾ ತಡಿ ಕೊಡ್ತೀನಿ’ ಅಂತ. ಆಗ ಟ್ರಸ್ಟಿನವರು ಎದ್ದು ನಿಂತು ‘ಸ್ವಾಮಿ, ನಮ್ಮ ಬಾಡಿಗಿ ಗತಿ ಏನು, ಮೂರು ತಿಂಗಳು ಕೊಡ್ರಿ ಸಾಕು’ ಅಂತ ಕೇಳ್ತಿದ್ರು. ಏನರ ಒಂದು ದಾರಿ ಆಗ್ತಿತ್ತು. ಕರುಣಾ ಮುಚ್ಚಿಟ್ಟು ಮಾಡಿದ್ರ ಅದು ಒಬ್ಬರಿಗೆ ಕರುಣಾ, ಇನ್ನೊಬ್ಬರಿಗೆ ಕಳ್ಳತನಾ. ಎದುರು ಪಾರ್ಟಿಗೆ ಗೊತ್ತಿಲ್ಲದಂಗ ಒಂದ ಕಡೆ ಮಾತು ಕೇಳಿ ಆದೇಶ ಮಾಡಬಾರದು. ಇದು ನಮ್ಮ ವೃತ್ತಿಯ ಅ ಆ ಇ ಈ.

ಸಾನ್ ಹೋಸೆ ಸಂಪಿಗೆ

ಈ ಮನೆ ಪ್ರಕರಣ ಎಷ್ಟು ದೂರ ಹೋಯಿತು ಎಂದು ಯಾರೂ ಬರೆದಿಲ್ಲ, ನಾನು ಬರೆಯುತ್ತೇನೆ. ಆ ಪ್ರಕರಣದಲ್ಲಿ ರಿಯಾಲ್ ನಡೆದುಕೊಂಡ ರೀತಿಯ ಮೇಲೆ ದೂರು ಕೊಟ್ಟದ್ದು ಸ್ಟೀಫನ್ ಯಾಗ್ಮನ್ ಎಂಬ ವಕೀಲರು, 2003ರಲ್ಲಿ. ಅವರಿಗೂ ರಿಯಾಲ್ ಅವರಿಗೂ ಹಳೆಯ ದ್ವೇಷ. 1980ರ ದಶಕದಲ್ಲಿ ಒಂದು ಮಾನಹಾನಿ ದಾವೆಯಲ್ಲಿ ರಿಯಾಲ್, ಯಾಗ್ಮನ್ ಅವರಿಗೆ 2.5 ಲಕ್ಷ ಡಾಲರ್ ದಂಡ ಹಾಕಿದ್ದರು. 1986ರಲ್ಲಿ ಮೇಲ್ಮನವಿ ಕೋರ್ಟು ದಂಡ ತೆಗೆದು, ಪ್ರಕರಣವನ್ನು ಬೇರೆ ನ್ಯಾಯಾಧೀಶರಿಗೆ ಕೊಡಿ ಎಂದಿತು. ರಿಯಾಲ್ ಸುಲಭಕ್ಕೆ ಬಿಡಲಿಲ್ಲ. ತಮ್ಮ ಕೈಯಿಂದ ಪ್ರಕರಣ ಹೋಗುವುದನ್ನು ತಡೆಯಲು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು, 1987ರಲ್ಲಿ ಅಲ್ಲಿಯೂ ಆಗಲಿಲ್ಲ. ಆ ಹೊತ್ತಿಗೆ ಅವರೇ ಆ ಜಿಲ್ಲೆಯ ಮುಖ್ಯ ನ್ಯಾಯಾಧೀಶರು, 1982ರಿಂದ 1993ರವರೆಗೆ.

ದೂರುದಾರರಿಗೆ ವೈರವಿತ್ತು ಎಂದ ಮಾತ್ರಕ್ಕೆ ದೂರು ಸುಳ್ಳಾಗುವುದಿಲ್ಲವಲ್ಲ. 1980ರ ಒಂದು ಕಾನೂನಿನ ಪ್ರಕಾರ ಇಂಥ ದೂರನ್ನು ನೋಡುವವರು ಸರ್ಕ್ಯೂಟ್‌ನ ಮುಖ್ಯ ನ್ಯಾಯಾಧೀಶರು ಮತ್ತು ನ್ಯಾಯಾಧೀಶರದೇ ಮಂಡಳಿ. ಮುಖ್ಯ ನ್ಯಾಯಾಧೀಶೆ ಮೇರಿ ಶ್ರೋಡರ್ ಒಮ್ಮೆ ವಜಾ ಮಾಡಿದರು. ಮಂಡಳಿ ಮರಳಿ ಕಳಿಸಿತು. ಮತ್ತೆ ವಜಾ. 2005ರಲ್ಲಿ ಮಂಡಳಿಯೂ ಅದನ್ನೇ ಒಪ್ಪಿತು. ಆಗ ಆ ಮಂಡಳಿಯಲ್ಲಿದ್ದ ನ್ಯಾಯಾಧೀಶ ಅಲೆಕ್ಸ್ ಕೊಜಿನ್ಸ್ಕಿ ಉದ್ದನೆಯ ಭಿನ್ನಮತ ಬರೆದು, ನಮ್ಮವರೊಬ್ಬರು ತಪ್ಪು ಮಾಡಿದಾಗ ನಾವು ಕಣ್ಣು ಮುಚ್ಚುತ್ತಿದ್ದೇವೆ ಎಂಬ ಧಾಟಿಯಲ್ಲಿ ತಮ್ಮ ಸಹೋದ್ಯೋಗಿಗಳನ್ನೇ ಝಾಡಿಸಿದರು. (ಅದೇ ಕೊಜಿನ್ಸ್ಕಿ 2017ರ ಡಿಸೆಂಬರಿನಲ್ಲಿ ಲೈಂಗಿಕ ಕಿರುಕುಳದ ಆರೋಪಗಳ ನಡುವೆ ನಿವೃತ್ತರಾದರು. ಆ ಭಿನ್ನಮತದ ವಾದ ಅದರಿಂದ ದುರ್ಬಲವಾಗುವುದಿಲ್ಲ, ಆದರೂ ಓದುವಾಗ ನನಗೆ ಅದು ನೆನಪಾಗದೆ ಇರುವುದಿಲ್ಲ.)

2006ರ ಜುಲೈನಲ್ಲಿ ಕೆಳಮನೆಯ ನ್ಯಾಯಾಂಗ ಸಮಿತಿಯ ಅಧ್ಯಕ್ಷ ಜೇಮ್ಸ್ ಸೆನ್ಸೆನ್‌ಬ್ರೆನರ್ ವಾಗ್ದಂಡನೆ ನಿರ್ಣಯ ಮಂಡಿಸಿದರು. ಸೆಪ್ಟೆಂಬರಿನಲ್ಲಿ ವಿಚಾರಣೆ ನಡೆಯಿತು, 82ರ ರಿಯಾಲ್ ಖುದ್ದಾಗಿ ಬಂದು ಉತ್ತರ ಕೊಟ್ಟರು. ಅದು ಅಲ್ಲಿಗೇ ನಿಂತಿತು. ನವೆಂಬರಿನಲ್ಲಿ ನ್ಯಾಯಾಧೀಶರ ಮಂಡಳಿ ಬಹಿರಂಗ ಛೀಮಾರಿ ಹಾಕಿತು. 2008ರ ಜನವರಿಯಲ್ಲಿ ಅದು ಕಾಯಂ ಆಯಿತು.

ಮಂಡ್ಯದ ಮೇಷ್ಟ್ರು

ಅಂದರೆ 2000ದ ಆದೇಶಕ್ಕೆ 2008ರಲ್ಲಿ ಒಂದು ಛೀಮಾರಿ. ಅದೂ ಸಂಸತ್ತು ಕೋಲು ಎತ್ತಿದ ಮೇಲೆ. ಮೇಷ್ಟ್ರಾಗಿ ಒಂದು ಹೇಳುತ್ತೇನೆ: ಸ್ಟಾಫ್ ರೂಮಿನಲ್ಲಿ ಪಕ್ಕದ ಕುರ್ಚಿಯವರ ಮೇಲೆ ಪೋಷಕರು ದೂರು ತಂದಾಗ ನಮಗೂ ಹೀಗೇ ಆಗುತ್ತದೆ. ‘ಒಳ್ಳೆಯವರು, ಏನೋ ಸಿಟ್ಟಿನಲ್ಲಿ ಅಂದಿರಬೇಕು’ ಎಂದು ನಾವೇ ಮುಚ್ಚುತ್ತೇವೆ. ನಾನೂ ಮುಚ್ಚಿದ್ದೇನೆ. ಆ ಹುಡುಗ ಶಾಲೆ ಬಿಟ್ಟ. ಹಾಗಾಗಿ ಆ ಮಂಡಳಿಯ ಮೇಲೆ ಕಲ್ಲೆಸೆಯಲು ನನಗೆ ಕೈ ಬರುತ್ತಿಲ್ಲ, ಆದರೆ ಅವರು ಮಾಡಿದ್ದು ತಪ್ಪು ಎಂದು ಹೇಳಲು ಬಾಯಿ ಬರುತ್ತದೆ.

ಛೀಮಾರಿ ಆದ ಮೇಲೆ ಅವರ ಕೆಲಸ?

ಕಡತಗಾರ

ನಡೆದೇ ನಡೆಯಿತು ಮೇಷ್ಟ್ರೇ, ಇನ್ನೂ ಹತ್ತು ವರ್ಷಕ್ಕೂ ಹೆಚ್ಚು. ಮಾರ್ಕೋಸ್ ಹಣದ ಬೆನ್ನು ಹತ್ತಿದ್ದೂ ನಿಲ್ಲಲಿಲ್ಲ. ಮಾರ್ಕೋಸ್ 1972ರಲ್ಲಿ ಪನಾಮಾದ ‘ಅರೆಲ್ಮಾ’ ಎಂಬ ಕಂಪನಿಯ ಹೆಸರಿನಲ್ಲಿ ನ್ಯೂಯಾರ್ಕಿನಲ್ಲಿ ಇಟ್ಟಿದ್ದ 20 ಲಕ್ಷ ಡಾಲರ್ ಬೆಳೆದು 3.5 ಕೋಟಿ ಆಗಿತ್ತು. ರಿಯಾಲ್ ಅದನ್ನು ಸಂತ್ರಸ್ತರಿಗೆ ಕೊಟ್ಟರು. 2008ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು ಅದನ್ನು ತಡೆಯಿತು. ಆ ಹಣ ತನ್ನದು ಎನ್ನುವ ಫಿಲಿಪ್ಪೀನ್ಸ್ ಸರ್ಕಾರ ಸಾರ್ವಭೌಮ ರಕ್ಷಣೆ, ಅಂದರೆ ಒಂದು ದೇಶದ ಸರ್ಕಾರವನ್ನು ಇನ್ನೊಂದು ದೇಶದ ಕೋರ್ಟಿಗೆ ಎಳೆಯುವಂತಿಲ್ಲ ಎಂಬ ನಿಯಮ, ಹೇಳಿ ಹೊರಗೆ ನಿಂತಿರುವಾಗ, ಅವರಿಲ್ಲದೆ ಇದನ್ನು ತೀರ್ಮಾನಿಸಲು ಬರುವುದಿಲ್ಲ ಎಂದು. ಈ ಒಂದು ತೀರ್ಪಿನಲ್ಲಿ ನಾನು ರಿಯಾಲ್ ಅವರ ಕಡೆ. ಕದ್ದ ಹಣ ಯಾರಿಂದ ಕದ್ದದ್ದೋ ಅವರ ಕೈಗೆ ಹೋಗುತ್ತಿತ್ತು.

ಅಂಕಿ ಅಂಶ ಅಕ್ಕ

200 ಕೋಟಿ ಡಾಲರ್ ಕಾಗದದ ಮೇಲೆಯೇ ಉಳಿಯಿತು. ಮೊದಲ ಹಂಚಿಕೆ ನಡೆದದ್ದು 2011ರಲ್ಲಿ, ತಲಾ 1,000 ಡಾಲರ್.

ಮೂಡುಬಿದಿರೆ ಮಳೆ

ಅಕ್ಕ, ಅದರ ಮುಂದಿನದನ್ನು ನಾನು ಹೇಳುತ್ತೇನೆ, ಏಕೆಂದರೆ ಈ ಪ್ರಕರಣ ನನಗೆ ಪತ್ರಿಕೆಯಿಂದ ತಿಳಿದದ್ದಲ್ಲ. ದುಬೈಯ ಆಸ್ಪತ್ರೆಯಲ್ಲಿ ಒಂಬತ್ತು ವರ್ಷ ನರ್ಸ್ ಆಗಿದ್ದೆ. ನನ್ನ ಜೊತೆ ರಾತ್ರಿಪಾಳಿಯಲ್ಲಿದ್ದ ಫಿಲಿಪ್ಪೀನ್ಸ್‌ನ ಹಿರಿಯ ಸಹೋದ್ಯೋಗಿಯ ಅಣ್ಣ 70ರ ದಶಕದಲ್ಲಿ ಹೋದವರು ಬರಲೇ ಇಲ್ಲ. ಅವರ ಅಮ್ಮ ಹವಾಯಿ ಪ್ರಕರಣದಲ್ಲಿ ಅರ್ಜಿ ಹಾಕಿದ್ದರು. ಆ 137ರಲ್ಲಿ ಅವರ ಹೆಸರು ಬರಲಿಲ್ಲ.

2013ರಲ್ಲಿ ಫಿಲಿಪ್ಪೀನ್ಸ್ ತನ್ನದೇ ಕಾನೂನು ಮಾಡಿ 1,000 ಕೋಟಿ ಪೆಸೊ ಎತ್ತಿಟ್ಟಿತು. ಹವಾಯಿಯಲ್ಲಿ ಗೆದ್ದವರು ಹೊಸದಾಗಿ ಸಾಬೀತು ಮಾಡಬೇಕಿಲ್ಲ, ಅವರನ್ನು ಸಂತ್ರಸ್ತರೆಂದೇ ತಿಳಿಯಬೇಕು ಎಂದು ಆ ಕಾನೂನಿನಲ್ಲೇ ಬರೆದರು. 2018ರ ಹೊತ್ತಿಗೆ 11,103 ಜನರನ್ನು ಸರ್ಕಾರ ಗುರುತಿಸಿತು. ನನ್ನ ಸಹೋದ್ಯೋಗಿ ರಜೆಯಿಂದ ಬಂದಾಗ ಫೋನಿನಲ್ಲಿ ಒಂದು ಚಿತ್ರ ತೋರಿಸಿದರು. ಚೆಕ್ಕಿನದಲ್ಲ. ಅಮ್ಮ ಹವಾಯಿ ಕೋರ್ಟಿಗೆ ಕಳಿಸಿದ ಅರ್ಜಿಯ ನಕಲಿನದು. ಮಗನ ಹೆಸರು, ಹಿಡಿದುಕೊಂಡು ಹೋದ ದಿನ, ಅಂದು ಹಾಕಿದ್ದ ಅಂಗಿಯ ಬಣ್ಣ. ಯಾರೋ ಕೇಳಿದರು ಎಂಬ ಕಾರಣಕ್ಕೆ ಅಮ್ಮ ಮೊದಲ ಸಲ ಅದನ್ನೆಲ್ಲ ಬರೆದರಂತೆ.

ಕಡತಗಾರರೇ, ಮನೆಯ ಪ್ರಕರಣದ ಬಗ್ಗೆ ನೀವು ಹೇಳಿದ್ದನ್ನು ಒಪ್ಪುತ್ತೇನೆ. ಮೊದಲು ಒಪ್ಪಿರಲಿಲ್ಲ.

ಕಡತಗಾರ

ನಿಮ್ಮ ಮಾತು ಓದಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. 2006ರ ವಿಚಾರಣೆಯಲ್ಲಿ ರಿಯಾಲ್ ಕೊಟ್ಟ ಉತ್ತರಗಳನ್ನು ಪೂರ್ತಿ ಓದಿ, ಮುಖ್ಯ ಭಾಗಗಳನ್ನು ಕನ್ನಡಕ್ಕೆ ತಂದು ಇಲ್ಲೇ ಹಾಕುತ್ತೇನೆ. ಧಾರವಾಡದವರು ಕಾನೂನಿನ ಪದಗಳನ್ನು ಒಮ್ಮೆ ನೋಡಿಕೊಡಬೇಕು.

ಧಾರವಾಡದ ವಕೀಲ

ಕಳಸ್ರಿ. ಐತವಾರ ಕೋರ್ಟ್ ರಜಾ, ಕುಂತು ನೋಡ್ತೀನಿ.